ಎಂಜಲು ಕೈಯಲ್ಲಿ ಹಿಡಿದ ಹಗ್ಗ

ನಾನು ಚಿಕ್ಕವಳಿದ್ದಾಗ ಚಿತ್ರದುರ್ಗದ ಕೋಟೆ ನನಗೆ ನೋಡಲು ಹೋಗುವ ಜಾಗವಾಗಿರಲಿಲ್ಲ, ಅಪ್ಪ ಅವ್ವ ಕೂಲಿಗೆ ಹೋಗುವ ಜಾಗವಾಗಿತ್ತು. ಬೇರೆ ಮಕ್ಕಳ ಅಪ್ಪಂದಿರು ಹೊಲಕ್ಕೆ, ಎಣ್ಣೆ ಮಿಲ್ಲಿಗೆ, ಅಂಗಡಿಗೆ ಹೋದ ಹಾಗೆ ನನ್ನ ಅಪ್ಪ ಅವ್ವ ಬೆಳಗಾದರೆ ಬೆಟ್ಟ ಹತ್ತುತ್ತಿದ್ದರು. ಎಪ್ಪತ್ತರ ದಶಕದ ಮಾತು ಇದು. ಮಳೆಗೆ, ಮರದ ಬೇರಿಗೆ ಸಡಿಲವಾಗಿ ಕುಸಿದಿದ್ದ ಕೋಟೆಯ ಗೋಡೆಗಳನ್ನು ಅಲ್ಲಲ್ಲಿ ಮತ್ತೆ ಕಟ್ಟಿಸುತ್ತಿದ್ದರು. ಅಪ್ಪ ಕಲ್ಲು ಕೂರಿಸುವವರ ಗುಂಪಿನಲ್ಲಿದ್ದ. ಗಾರೆ ಕಲಸುವುದಕ್ಕೆ ಹೊಂಡದಿಂದ ನೀರು ಹೊರುವುದು ಅವ್ವನ ಕೆಲಸ.

ಸಂಜೆ ಅವರು ಇಳಿದು ಬರುವಾಗ ನಡಿಗೆಯಲ್ಲೇ ದಣಿವು ಕಾಣುತ್ತಿತ್ತು. ಮೈತುಂಬ ಸುಣ್ಣದ ಧೂಳು, ಮುಖದ ಮೇಲೆ ಬೆವರು ಇಳಿದ ಗೆರೆ. ಅಪ್ಪ ಜಗಲಿಯ ಮೇಲೆ ಕುಳಿತರೆ ಬಾಯಿಂದ ಮಾತು ಹೊರಡಲು ಸುಮಾರು ಹೊತ್ತು ಬೇಕಾಗುತ್ತಿತ್ತು. ಅವ್ವನಿಗೆ ಕೂರುವ ಭಾಗ್ಯವೂ ಇರಲಿಲ್ಲ. ತಲೆಯ ಮೇಲಿನ ಸಿಂಬೆಯನ್ನು ಮೊಳೆಗೆ ಸಿಕ್ಕಿಸಿ ಸೀದಾ ಒಲೆಯ ಮುಂದೆ ಹೋಗುತ್ತಿದ್ದಳು. ಸಿಂಬೆ ಎಂದರೆ ನೀವು ಮೊಮ್ಮಕ್ಕಳು ಕಣ್ಣರಳಿಸುತ್ತೀರಿ, ಗೊತ್ತು. ಕೊಡ ಅಲುಗದಿರಲಿ ಎಂದು ತಲೆಯ ಮೇಲೆ ಇಟ್ಟುಕೊಳ್ಳುವ, ಸುತ್ತಿ ಬಳೆ ಮಾಡಿದ ಹಳೇ ಬಟ್ಟೆ ಅದು. ಮಲಗುವ ಮುಂಚೆ ಅವ್ವನ ರಟ್ಟೆಗೆ ಹರಳೆಣ್ಣೆ ಹಚ್ಚಿ ತಿಕ್ಕುವುದು ನನ್ನ ಪಾಲಿಗೆ ಬಂದಿತ್ತು. ತಿಕ್ಕುತ್ತಿದ್ದ ಹಾಗೇ ಅವಳಿಗೆ ನಿದ್ದೆ ಹತ್ತುತ್ತಿತ್ತು. ಎಷ್ಟೋ ಸಲ ಅವಳ ತೋಳು ಹಿಡಿದುಕೊಂಡೇ ನಾನೂ ಮಲಗಿಬಿಡುತ್ತಿದ್ದೆ.

ನಮ್ಮ ಮನೆಯಲ್ಲಿ ಊಟದ ಕಟ್ಟುಪಾಡೊಂದು ಇತ್ತು. ಊಟಕ್ಕೆ ಕುಳಿತವರನ್ನು ಯಾರೂ ಎಬ್ಬಿಸುವಂತಿಲ್ಲ. ಕುಳಿತವರು ನಡುವೆ ಎದ್ದರೆ ಆ ಹೊತ್ತಿನ ಊಟ ಮುಗಿದ ಹಾಗೆ. ಗಂಗಳದಲ್ಲಿ ಎಷ್ಟೇ ಉಳಿದಿರಲಿ, ಮತ್ತೆ ಅದರ ಮುಂದೆ ಕೂರಬಾರದು. ಗಂಗಳ ಎಂದರೆ ಅಂಚು ಎತ್ತರವಿದ್ದ ಊಟದ ತಟ್ಟೆ. ಬಡಿಸಿದ ಊಟ ನಮಗಾಗಿ ಕಾಯುವಂತೆ ಮಾಡುವುದೂ ತಪ್ಪು, ಅನ್ನಕ್ಕೆ ಅವಮಾನ ಎನ್ನುತ್ತಿದ್ದರು. ಬಾಗಿಲಿಗೆ ಎಂಥವರೇ ಬರಲಿ, ಅವ್ವ 'ಉಣ್ತಾ ಅವ್ರೆ' ಎಂದರೆ ಸಾಕು, ತೆಪ್ಪಗೆ ಜಗಲಿಯಲ್ಲಿ ಕಾಯುತ್ತಿದ್ದರು. ಈ ಮರ್ಯಾದೆಯೆಲ್ಲ ಅಪ್ಪನ ಊಟಕ್ಕೆ. ಅವ್ವ ಉಣ್ಣುವಾಗ ನಾನು ನೀರು ಕೇಳಿದರೂ ಏಳುತ್ತಿದ್ದಳು, ಬೆಕ್ಕು ಹಾಲಿನ ಕಡೆ ಹೋದರೂ ಏಳುತ್ತಿದ್ದಳು. ಎದ್ದು ಬಂದು ಮತ್ತೆ ಅದೇ ಗಂಗಳಕ್ಕೆ ಕೂರುತ್ತಿದ್ದಳು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಅಪ್ಪನಿಗೆ ಕೋಟೆಯ ಮೇಲೆ ಹುಚ್ಚು ಅಭಿಮಾನ. ಅದರ ಕಲ್ಲು ಹೊತ್ತು ಬೆನ್ನು ಬಾಗಿದ್ದರೂ ಅಭಿಮಾನಕ್ಕೆ ಕಡಿಮೆಯಿರಲಿಲ್ಲ. ಏಳು ಸುತ್ತಿನ ಕೋಟೆಯ ಬಾಗಿಲುಗಳು ಯಾಕೆ ನೇರವಾಗಿಲ್ಲ, ಯಾಕೆ ಹಾವಿನ ಹಾಗೆ ಸುತ್ತಿ ಸುತ್ತಿ ಹೋಗುತ್ತವೆ ಎಂದು ನನಗೆ ವಿವರಿಸುತ್ತಿದ್ದ. ಶತ್ರುಗಳ ಆನೆಗೆ ಓಡಿ ಬಂದು ಬಾಗಿಲು ಗುದ್ದಲು ಜಾಗ ಸಿಗಬಾರದು, ಅದಕ್ಕಾಗಿ ಹಾಗೆ. ಹಳೇ ಗೋಡೆಗಳಲ್ಲಿ ಎಷ್ಟೋ ಕಡೆ ಗಾರೆಯೇ ಇಲ್ಲ, ಕಲ್ಲುಗಳು ಒಂದನ್ನೊಂದು ಕಚ್ಚಿಕೊಂಡು ಕುಳಿತಿವೆ. 'ಯಾವ ಕಲ್ಲೂ ತಾನೊಂದೇ ನಿಂತಿಲ್ಲ ಕಣೆ, ಪಕ್ಕದ್ದು ಹಿಡ್ಕಂಡಿರ್ತೈತೆ' ಎನ್ನುತ್ತಿದ್ದ. ಇದೆಲ್ಲ ಆದ ಮೇಲೆ ಕಟ್ಟಕಡೆಗೆ ಓಬವ್ವನ ಕಿಂಡಿಯ ಕಥೆ ಬರಲೇಬೇಕು.

ಆ ಕಥೆ ನಿಮಗೂ ಗೊತ್ತು. ನಾಯಕರ ಕಾಲದಲ್ಲಿ ಶತ್ರುಗಳು ಕೋಟೆಯನ್ನು ಮುತ್ತಿದ್ದರು. ಬುರುಜಿನ ಕಾವಲುಗಾರ ಮಧ್ಯಾಹ್ನ ಮನೆಗೆ ಬಂದು ಊಟಕ್ಕೆ ಕುಳಿತ. ಕುಡಿಯಲು ನೀರಿರಲಿಲ್ಲ. ಅವನ ಹೆಂಡತಿ ಓಬವ್ವ ತಣ್ಣೀರು ದೋಣಿಗೆ ಹೋದಳು. ಬೇಸಿಗೆಯಲ್ಲೂ ಬತ್ತದ, ಬಂಡೆಯ ಸಂದಿನಲ್ಲಿರುವ ಒರತೆ ಅದು. ಅಲ್ಲಿ ಹತ್ತಿರದ ಕಲ್ಲಿನ ಬಿರುಕಿನಿಂದ ಶತ್ರು ಸೈನಿಕರು ಒಬ್ಬೊಬ್ಬರಾಗಿ ನುಸುಳುತ್ತಿರುವುದು ಅವಳ ಕಣ್ಣಿಗೆ ಬಿತ್ತು. ಮನೆಯಿಂದ ಒನಕೆ ತಂದು, ತಲೆ ಹೊರಗೆ ಹಾಕಿದವರನ್ನು ಹೊಡೆದು ಹೊಡೆದು ಪಕ್ಕಕ್ಕೆ ಎಳೆದು ಹಾಕಿದಳು. ಗಂಡ ಊಟ ಮುಗಿಸಿ, ಎಷ್ಟು ಹೊತ್ತಾದರೂ ಬಾರದ ಹೆಂಡತಿಯನ್ನು ಹುಡುಕಿಕೊಂಡು ಬಂದು ನೋಡಿದ, ಕಹಳೆ ಊದಿದ, ಕೋಟೆ ಉಳಿಯಿತು.

ನಾನು ಹೇಳಹೊರಟಿರುವ ದಿನ ಬೆಳಿಗ್ಗೆ ಅಪ್ಪ ರೊಟ್ಟಿ ತಿನ್ನುತ್ತ ಈ ಕಥೆಯನ್ನು ಮತ್ತೆ ಹೇಳಿದ್ದ. ನನಗೆ ಅದ್ಯಾಕೋ ಅವತ್ತು ಒಂದು ಅನುಮಾನ ಬಂತು.

'ಅಲ್ಲಪ್ಪ, ಒನಕೆ ತರಾಕೆ ಮನೆಗೆ ಬಂದಿದ್ಲಲ್ಲ? ಗಂಡ ಅಲ್ಲೇ ಇದ್ದನಲ್ಲ. ಯಾಕೆ ಕರೀಲಿಲ್ಲ?'

'ಲೇ, ಉಣ್ಣೋನ್ನ ಎಬ್ಬಿಸ್ತಾರೇನೆ? ಅದೇ ನೋಡು ಅವಳ ದೊಡ್ಡತನ. ಅದಕ್ಕೇ ಇವತ್ತಿಗೂ ಅವಳ ಹೆಸರು ಐತೆ' ಎಂದ ಅಪ್ಪ.

ಅವ್ವ ಬಾಗಿಲ ಬಳಿ ಸಿಂಬೆ ಸುತ್ತುತ್ತ ನಿಂತಿದ್ದಳು. 'ಪಾಪ, ರಟ್ಟೆ ಎಷ್ಟು ನೊಂದಿದ್ವೋ' ಎಂದಳು. ಅಪ್ಪ ನಕ್ಕುಬಿಟ್ಟ. ಕೋಟೆ ಉಳಿಸಿದವಳಿಗೆ ರಟ್ಟೆನೋವು ಎಂದರೆ ನನಗೂ ನಗು ಬಂತು.

ಹಿಂದಿನ ದಿನ ಅವ್ವನ ಅವ್ವ, ನನ್ನ ಅಜ್ಜಿ, ಹಿರೇಗುಂಟನೂರಿನಿಂದ ಬಂದಿದ್ದಳು. ಹೊಸ ರಾಗಿ ಹಿಟ್ಟು, ಹುರುಳಿಕಾಳು ತಂದಿದ್ದಳು. ದಿನಾ ಅಪ್ಪ ಅವ್ವ ಬೆಳಿಗ್ಗೆ ಕಟ್ಟಿಕೊಂಡು ಹೋದ ತಣ್ಣನೆ ರೊಟ್ಟಿಯನ್ನೇ ಮಧ್ಯಾಹ್ನ ಜಗಿಯುವುದು ಅಜ್ಜಿಗೆ ಸರಿಬರಲಿಲ್ಲ. 'ದುಡಿಯೋ ಜೀವಕ್ಕೆ ಒಂದಿನನಾದ್ರೂ ಬಿಸಿದು ಬೀಳ್ಲಿ' ಎಂದು ಅವತ್ತು ಅವಳೇ ಮುದ್ದೆ ತಿರುವಿ, ಹುರುಳಿಕಟ್ಟಿನ ಸಾರು ಮಾಡಿ, ಬಟ್ಟೆಯಲ್ಲಿ ಬೆಚ್ಚಗೆ ಸುತ್ತಿ ಬುಟ್ಟಿಯಲ್ಲಿಟ್ಟು ನನ್ನ ತಲೆಯ ಮೇಲೆ ಹೊರಿಸಿದಳು. ಅಪ್ಪನಿಗೆ, ಅವ್ವನಿಗೆ, ಕೆಲಸ ಮಾಡಿಸುವ ಮೇಸ್ತ್ರಿಗೂ ಒಂದೊಂದು ಮುದ್ದೆ. ಉಳಿದವರಿಗೆ ಅವರವರ ರೊಟ್ಟಿ ಇರುತ್ತದೆ, ಸಾರು ಮಾತ್ರ ಎಲ್ಲರಿಗೂ ಆಗುವಷ್ಟು.

ಬಿಸಿಲು ಏರಿತ್ತು. ಕಲ್ಲುಹಾಸು ಕಾದು ಅಂಗಾಲು ಸುಡುತ್ತಿತ್ತು. ಬಂಡೆಗಳ ಮಧ್ಯೆ ಗಾಳಿಯೇ ಇಲ್ಲ, ಎಲ್ಲೋ ಒಂದು ಮಂಗ ಕಿರುಚಿದ್ದು ಬಿಟ್ಟರೆ ಸದ್ದೂ ಇಲ್ಲ. ಬುಟ್ಟಿಯ ಭಾರಕ್ಕೆ ನನ್ನ ಕುತ್ತಿಗೆ ಭುಜದೊಳಗೆ ಇಳಿದುಹೋಯಿತೇನೋ ಅನ್ನಿಸಿತು. ಒಂದು ಬಾಗಿಲು ದಾಟಿದರೆ ಇನ್ನೊಂದು, ಅದು ತಿರುಗಿದರೆ ಮತ್ತೊಂದು. ಶತ್ರುವಿನ ಆನೆಗಾಗಿ ಕಟ್ಟಿದ ತಿರುವುಗಳು ಬುತ್ತಿ ಹೊತ್ತ ಹುಡುಗಿಯ ಜೀವವನ್ನೂ ಚೆನ್ನಾಗಿಯೇ ಹಿಂಡಿದವು. ಅವ್ವ ದಿನಕ್ಕೆ ಎಷ್ಟು ಸಲ ತುಂಬಿದ ಕೊಡ ಹೊತ್ತು ಇಂಥ ಬಿಸಿಲಲ್ಲಿ ಓಡಾಡುತ್ತಾಳೆ ಎಂಬುದು ಆ ಹೊತ್ತಿಗೆ ಮೊದಲು ನನ್ನ ತಲೆಗೆ ಬಂದಿರಲೇ ಇಲ್ಲ.

ಕೆಲಸ ನಡೆಯುತ್ತಿದ್ದದ್ದು ಓಬವ್ವನ ಕಿಂಡಿಯಿಂದ ಕೂಗಳತೆಯ ದೂರದಲ್ಲಿ. ನಾನು ಹೋದಾಗ ಒಂದು ದೊಡ್ಡ ಕಲ್ಲನ್ನು ಮೇಲೆತ್ತುತ್ತಿದ್ದರು. ಅದು ಗೋಡೆ ಕುಸಿದಾಗ ಕೆಳಗೆ ಬಿದ್ದು ಮಣ್ಣಲ್ಲಿ ಹುದುಗಿದ್ದ ಹಳೇ ಕಲ್ಲು. ಅದರ ಮೇಲೆ ಹೆಡೆ ಎತ್ತಿದ ಹಾವನ್ನು ಕೆತ್ತಿದ್ದರು. ಕೋಟೆಯನ್ನೂ ಅದರ ನೀರನ್ನೂ ಹಾವು ಕಾಯುತ್ತದೆ ಎಂದು ಹಿಂದಿನವರ ನಂಬಿಕೆಯಂತೆ. ಹೆಂಗಸರು ಆಗಲೇ ಅದಕ್ಕೆ ಅರಿಸಿನ ಕುಂಕುಮ ಹಚ್ಚಿದ್ದರು. 'ಈ ಕಲ್ಲು ಒಡೆದ್ರೆ ಇನ್ನೊಂದು ತರಾಕಾಗಲ್ಲ. ಒಡೆದ ದಿವಸ ನಿಮ್ಮೆಲ್ಲರಿಗೂ ಕೆಲಸ ಇಲ್ಲ' ಎಂದು ಮೇಸ್ತ್ರಿ ಬೆಳಿಗ್ಗೆಯೇ ಎಚ್ಚರಿಸಿದ್ದನಂತೆ. ಆ ಮಾತು ಅವ್ವನ ಕಿವಿಗೂ ಬಿದ್ದಿತ್ತು.

ಮೂರು ಮರದ ಕಂಬಗಳ ತುದಿ ಸೇರಿಸಿ ಕಟ್ಟಿ, ಅದಕ್ಕೆ ರಾಟೆ ತೂಗುಹಾಕಿದ್ದರು. ಕಲ್ಲಿಗೆ ಬಿಗಿದ ಹಗ್ಗ ರಾಟೆಯ ಮೇಲಿಂದ ಬಂದು, ಪಕ್ಕದಲ್ಲಿದ್ದ ಕಲ್ಲುಕಂಬವನ್ನು ಸುತ್ತಿಕೊಂಡು, ಕೊನೆಗೆ ನೆಲಕ್ಕೆ ಹೊಡೆದ ಹಾರೆಗೆ ಬಿಗಿದುಕೊಂಡಿತ್ತು. ಕಲ್ಲು ಇನ್ನೂ ಆಳೆತ್ತರದಲ್ಲಿ ತೂಗುತ್ತಿತ್ತು, ಗೋಡೆಯ ಮೇಲಕ್ಕೆ ಹೋಗಿರಲಿಲ್ಲ. ನಾನು ಬುಟ್ಟಿ ಇಳಿಸಿದ್ದೇ ತಡ, ಸಾರಿನ ಬೆಳ್ಳುಳ್ಳಿ ಒಗ್ಗರಣೆ ವಾಸನೆ ಎಲ್ಲರ ಮೂಗಿಗೆ ಹೋಯಿತು. ಅಪ್ಪ 'ಇದೊಂದು ಮೇಲಕ್ಕೆ ಕೂರಿಸಿಬಿಡಾಣ' ಎಂದ. ಆದರೆ ಮೇಸ್ತ್ರಿ ಆಗಲೇ ಕೈ ತೊಳೆಯುತ್ತಿದ್ದ.

'ಬಿಸಿ ಮುದ್ದೆ ಬಂದೈತೆ, ಕಾಯಿಸಬಾರ್ದು ಕಣಪ್ಪ. ಕಲ್ಲು ಎಲ್ಲಿಗೂ ಓಡಿಹೋಗಲ್ಲ. ಬರ್ರಿ, ಕುಂತ್ಕಳ್ರಿ.'

ಗಂಡಸರೆಲ್ಲ ದೊಡ್ಡ ಬಂಡೆಯ ಆಚೆ ಮಗ್ಗುಲಿನ ನೆರಳಿಗೆ ಹೋದರು. ತೂಗುವ ಕಲ್ಲನ್ನು ಹಾಗೇ ಬಿಟ್ಟು ಹೋಗುವುದು ತಪ್ಪು ಎಂದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬಂದ ಊಟವನ್ನು ಕಾಯಿಸುವುದು ಅದಕ್ಕಿಂತ ದೊಡ್ಡ ತಪ್ಪು ಎಂದು ಅವರಿಗೆ ಅನ್ನಿಸಿತು. ಅವ್ವ ತನ್ನ ಪಾಲಿನ ಮುದ್ದೆಯನ್ನು ಬುಟ್ಟಿಯಲ್ಲೇ ಮುಚ್ಚಿಟ್ಟು, 'ಇನ್ನೊಂದು ಕೊಡ ಹಾಕಿ ಬಂದು ಉಣ್ತೀನಿ' ಎಂದು ಹೊಂಡದ ಕಡೆ ಹೋದಳು. ಅಪ್ಪ ಮೊದಲ ತುತ್ತು ಮುರಿದು ಸಾರಲ್ಲಿ ಅದ್ದಿ ನುಂಗಿ ಕಣ್ಣು ಮುಚ್ಚಿದ. ಅಷ್ಟು ನೆಮ್ಮದಿಯ ಮುಖವನ್ನು ನಾನು ಅವನಲ್ಲಿ ಬಹಳ ದಿನದಿಂದ ನೋಡಿರಲಿಲ್ಲ. 'ದೋಣಿಯಿಂದ ತಣ್ಣನೆ ನೀರು ತಗಂಬಾ ಹೋಗವ್ವ' ಎಂದ. ನಾನು ಚೊಂಬು ಹಿಡಿದು ಹೊರಟೆ.

ತಣ್ಣೀರು ದೋಣಿಯಲ್ಲಿ ಬಗ್ಗಿ ನೀರು ತುಂಬಿಕೊಂಡೆ, ಮುಖಕ್ಕೂ ಒಂದಿಷ್ಟು ಚಿಮುಕಿಸಿಕೊಂಡೆ. ಕಿಂಡಿಯ ಕಡೆ ನೋಡಲು ಹೆದರಿಕೆಯಾಯಿತು. ಯಾವನಾದರೂ ತಲೆ ಹೊರಗೆ ಹಾಕಿದರೆ ನನ್ನ ಕೈಯಲ್ಲಿ ಇರುವುದು ಚೊಂಬು ಮಾತ್ರ ಎಂದುಕೊಂಡು ಬೇಗ ಬೇಗ ಹೆಜ್ಜೆ ಹಾಕಿದೆ.

ಗೋಡೆಯ ತಿರುವಿಗೆ ಬಂದೆ. ಅವ್ವ ಹಗ್ಗ ಹಿಡಿದು ನಿಂತಿದ್ದಳು.

ಗಾರೆಯ ತೊಟ್ಟಿಯಿಂದ ಚೆಲ್ಲಿದ ನೀರು ಹರಿದು ಹಾರೆ ಹೊಡೆದ ಜಾಗದ ಮಣ್ಣು ಮೆತ್ತಗಾಗಿತ್ತು. ಹಾರೆ ಮೆಲ್ಲಗೆ ವಾಲಿ ವಾಲಿ ಕಿತ್ತು ಬಂದಿತ್ತು. ಅದು ವಾಲುವುದನ್ನು ಅವ್ವ ನೀರು ಹೊತ್ತು ಬರುವಾಗ ಕಂಡಿದ್ದಳು. ಹಗ್ಗ ಕಲ್ಲುಕಂಬಕ್ಕೆ ಸುತ್ತಿಕೊಂಡಿದ್ದರಿಂದ ಅಷ್ಟು ಭಾರವನ್ನು ಒಬ್ಬಳು ತಡೆಯಲು ಆಗಿತ್ತು, ಆದರೆ ಎಷ್ಟು ಹೊತ್ತು? ಹಗ್ಗ ಇಷ್ಟಿಷ್ಟೇ ಅವಳ ಅಂಗೈಯಲ್ಲಿ ಜಾರುತ್ತಿತ್ತು. ಕೆಸರಿನಲ್ಲಿ ಅವಳ ಹಿಮ್ಮಡಿ ಗೆರೆ ಎಳೆಯುತ್ತ ಮುಂದಕ್ಕೆ ಬರುತ್ತಿತ್ತು. ಅಷ್ಟು ಅವಸರದಲ್ಲೂ ಕೊಡವನ್ನು ನೀರು ಚೆಲ್ಲದ ಹಾಗೆ ಇಳಿಸಿದ್ದಳು ನೋಡಿ. ಅದು ಪಕ್ಕದಲ್ಲಿ ನೆಟ್ಟಗೆ ನಿಂತಿತ್ತು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ತಲೆ ಅಲ್ಲಾಡಿಸಿದಳು. ಉಸಿರು ಸಿಕ್ಕದೆ ಪಿಸುಗುಟ್ಟಿದಳು.

'ಶ್... ಸುಮ್ನಿರು. ಉಣ್ಲಿ. ಇನ್ನೆರಡು ತುತ್ತು ಅಷ್ಟೇ.'

ಬಂಡೆಯ ಆಚೆಯಿಂದ ಗಂಡಸರು ಸಾರು ಸೊರ್ ಎಂದು ಹೀರುವ ಸದ್ದು, ಯಾರೋ ನಕ್ಕ ಸದ್ದು ಕೇಳುತ್ತಿತ್ತು. ಅಷ್ಟು ಹತ್ತಿರ. ನಾನು ಚೊಂಬು ಕೆಳಗಿಟ್ಟು ಅವ್ವನ ಹಿಂದೆ ನಿಂತು ಹಗ್ಗಕ್ಕೆ ಕೈ ಹಾಕಿದೆ. ನಾರಿನ ಹಗ್ಗ ಚರ್ ಎಂದು ಕೈ ಸುಟ್ಟಿತು. ನನ್ನ ಬಲ ಅದಕ್ಕೆ ಯಾವ ಲೆಕ್ಕ? ಅವ್ವನ ರಟ್ಟೆ ಗಡಗಡ ನಡುಗುತ್ತಿದ್ದವು. ನಾನು ದಿನಾ ಎಣ್ಣೆ ತಿಕ್ಕುವ ರಟ್ಟೆಗಳು. ಹಗ್ಗದ ಮೇಲೆ ಕೆಂಪಗೆ ಏನೋ ಮೆತ್ತಿಕೊಂಡಿತ್ತು. ಕುಂಕುಮ ಎಂದುಕೊಂಡೆ. ಕುಂಕುಮ ಅಲ್ಲ.

ಒಂದು ಕಡೆ ಅಪ್ಪನ ಮುಚ್ಚಿದ ಕಣ್ಣು ನೆನಪಾಯಿತು. ಈಗ ಕೂಗಿದರೆ ಅವನ ಊಟ ಮುಗಿಯಿತು. ಅಪರೂಪಕ್ಕೆ ಬಂದ ಬಿಸಿ ಮುದ್ದೆ ಅದು. ಮೇಸ್ತ್ರಿ ಬೈಯುತ್ತಾನೆ. ಅವ್ವ ಬೇಡ ಎನ್ನುತ್ತಿದ್ದಾಳೆ. ಇನ್ನೊಂದು ಕಡೆ ಅವ್ವನ ಕಾಲು ಮತ್ತೆ ಜಾರಿತು. ನನಗೆ ಅಳು ಬಂತು. ಅಳುವಿನ ಜೊತೆಗೇ ಕೂಗೂ ಹೊರಟಿತು.

'ಅಪ್ಪಾ! ಏಳಪ್ಪಾ! ಬಾರಪ್ಪಾ!'

ನನ್ನ ಗಂಟಲಲ್ಲಿ ಅಷ್ಟು ದೊಡ್ಡ ದನಿ ಇದೆ ಎಂದು ನನಗೇ ಗೊತ್ತಿರಲಿಲ್ಲ. ಅದು ಬಂಡೆಯಿಂದ ಬಂಡೆಗೆ ಬಡಿದು, ಕೋಟೆಯೆಲ್ಲ ಒಟ್ಟಿಗೆ ಕೂಗಿದ ಹಾಗಾಯಿತು. 'ಊಟದ ಹೊತ್ನಾಗೆ ಏನೇ ನಿಂದು ಕಿರುಚಾಟ?' ಎಂದು ಮೇಸ್ತ್ರಿ ಗದರಿದ್ದು ಕೇಳಿಸಿತು. ಆದರೆ ಅಪ್ಪ ಆಗಲೇ ಬಂಡೆ ಸುತ್ತಿ ಓಡಿ ಬರುತ್ತಿದ್ದ. ಅವನ ಕೈತುಂಬ ಮುದ್ದೆ ಮೆತ್ತಿಕೊಂಡಿತ್ತು, ಮೊಣಕೈವರೆಗೆ ಸಾರು ಇಳಿದಿತ್ತು. ಆ ಎಂಜಲು ಕೈಯಲ್ಲೇ ಹಗ್ಗಕ್ಕೆ ಜೋತುಬಿದ್ದ. ಹಿಂದೆಯೇ ಉಳಿದವರು, ಮೇಸ್ತ್ರಿಯೂ. ಎಲ್ಲರದೂ ಎಂಜಲು ಕೈ. ಹೋ ಹೋ ಎನ್ನುತ್ತ ಕಲ್ಲನ್ನು ಮೆಲ್ಲಗೆ ನೆಲಕ್ಕೆ ಇಳಿಸಿದರು. ಹಾವಿನ ಹೆಡೆ ಚೂರೂ ಮುಕ್ಕಾಗಲಿಲ್ಲ.

ಕಲ್ಲು ಇಳಿದ ಮೇಲೂ ಅವ್ವ ಹಗ್ಗ ಬಿಡಲಿಲ್ಲ. ಬಿಡಲು ಬೆರಳು ಬರುತ್ತಿರಲಿಲ್ಲ. ಅಪ್ಪ ಒಂದೊಂದೇ ಬೆರಳು ಬಿಡಿಸಿದ. ಅಂಗೈಯ ಚರ್ಮ ಸುಲಿದುಹೋಗಿತ್ತು. ಅಪ್ಪನಿಗೆ ಸಿಟ್ಟು ಬಂತು. ಹೆದರಿದರೆ ಅವನಿಗೆ ಸಿಟ್ಟೇ ಬರುತ್ತಿದ್ದದ್ದು.

'ಒಂದು ಕೂಗು ಹಾಕಾಕೆ ಏನಾಗಿತ್ತೇ ನಿನಗೆ?'

ಅವ್ವ ಅವನ ಕೈಯನ್ನೇ ನೋಡುತ್ತಿದ್ದಳು. 'ಉಣ್ತಾ ಇದ್ರಲ್ಲ' ಎಂದಳು. ಆಮೇಲೆ, 'ಊಟ ಕೆಡ್ತಲ್ಲ ನಿಮ್ದು' ಎಂದಳು.

ಮೇಸ್ತ್ರಿ ನಾನು ತಂದಿದ್ದ ಚೊಂಬಿನ ನೀರನ್ನು ಅವ್ವನ ಅಂಗೈ ಮೇಲೆ ಸಣ್ಣಗೆ ಸುರಿದ. ನನ್ನನ್ನು ಬೈದದ್ದಕ್ಕೋ ಏನೋ, ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟ. ಅಪ್ಪ ಕೈ ತೊಳೆದುಕೊಂಡು ಬಂದು, ಅವ್ವನ ಪಾಲಿನ ಮುದ್ದೆಯನ್ನು ತಾನು ಬಿಟ್ಟೆದ್ದಿದ್ದ ಗಂಗಳಕ್ಕೇ ಹಾಕಿ, ಅವಳ ಮುಂದೆ ಕುಳಿತ. ಅವಳಿಗೆ ತುತ್ತು ಮುರಿಯಲು ಕೈ ಇರಲಿಲ್ಲವಲ್ಲ. ತಾನೇ ಮುರಿದು, ಸಾರಲ್ಲಿ ಅದ್ದಿ ಅವಳ ಬಾಯಿಗೆ ಇಟ್ಟ. ಅಷ್ಟು ಜನರ ಮುಂದೆ ಅವ್ವ ನಾಚಿಕೆಯಿಂದ ಮುಖ ತಿರುಗಿಸಿದಳು. ಗಂಡಸರು ಒಬ್ಬೊಬ್ಬರಾಗಿ ಬೇರೆ ಕಡೆ ನೋಡಿದರು. ಅವಳಿಗೆ ಒಂದು ತುತ್ತು, ತನಗೆ ಒಂದು ತುತ್ತು. ಎದ್ದವರು ಮತ್ತೆ ಕೂರಬಾರದು ಎಂಬ ಕಟ್ಟುಪಾಡು ಅವತ್ತು ಮುರಿಯಿತು. ಆಮೇಲೆ ನಮ್ಮ ಮನೆಯಲ್ಲಿ ಅದು ತಿರುಗಿ ಬರಲೇ ಇಲ್ಲ.

ಮೇಸ್ತ್ರಿ ಅವ್ವನನ್ನು ಮನೆಗೆ ಹೋಗು ಎಂದ. ನಾನು ಅವಳ ಕೊಡ ಹೊತ್ತು ಜೊತೆಗೆ ಇಳಿದೆ. ಕಿಂಡಿಯ ಹತ್ತಿರ ಬಂದಾಗ ಅವ್ವ ಕುಸಿದ ಹಾಗೆ ಕುಳಿತಳು. ಬಟ್ಟೆ ಸುತ್ತಿದ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಆ ಬಿರುಕನ್ನೇ ನೋಡಿದಳು.

'ಕೂಗಬೇಕು ಅಂತ ನಿನಗೆ ಹೆಂಗೆ ಹೊಳೀತೆ?' ಎಂದು ಕೇಳಿದಳು.

'ನಿನ್ನ ಕಾಲು ಜಾರ್ತಿತ್ತಲ್ಲವ್ವ.'

'ನನಗೆ ಹೊಳೀಲೇ ಇಲ್ಲ ನೋಡು. ಗಟ್ಟಿಯಾಗಿ ಹಿಡ್ಕಾಬೇಕು ಅಂತ ಒಂದೇ ಹೊಳೆದಿದ್ದು.'

ಅಷ್ಟು ಹೇಳಿ ಬಂಡೆಗೆ ಒರಗಿ ಕಣ್ಣು ಮುಚ್ಚಿದಳು. ಅವಳಿಗೆ ನಿದ್ದೆಯೇ ಬಂದುಬಿಟ್ಟಿತು. ನಾನು ಎಬ್ಬಿಸಲಿಲ್ಲ. ನೆರಳು ಸರಿದು ಬಿಸಿಲು ಅವಳ ಮುಖಕ್ಕೆ ಬರುವವರೆಗೂ ಹಾಗೇ ಕುಳಿತಿದ್ದೆ.

ಅವತ್ತಿನಿಂದ ಅಪ್ಪನ ಕಥೆ ಬದಲಾಯಿತು. ಅವನು ಹೇಳುವಾಗ ಓಬವ್ವ ಒನಕೆ ಬೀಸುತ್ತ ಬೀಸುತ್ತ ನಡುವೆ ಒಂದು ಸಲ ಗಟ್ಟಿಯಾಗಿ ಕೂಗುತ್ತಿದ್ದಳು. ಗಂಡ ಎಂಜಲು ಕೈಯಲ್ಲೇ ಓಡಿ ಬರುತ್ತಿದ್ದ. 'ಹಂಗಿಲ್ಲ ಕಣೋ ಕಥೆ' ಎಂದು ಯಾರಾದರೂ ತಿದ್ದಿದರೆ, 'ನಮ್ಮನೇಲಿ ಹಿಂಗೇ' ಎನ್ನುತ್ತಿದ್ದ. ಅವ್ವನ ಅಂಗೈಯ ಗೆರೆಗಳು ಮಾತ್ರ ಕೊನೆಯವರೆಗೂ ಸರಿಯಾಗಿ ಕೂಡಲಿಲ್ಲ.

ಮೊನ್ನೆ ರಜೆಯಲ್ಲಿ ನೀವು ನನ್ನನ್ನು ಕೋಟೆಗೆ ಕರೆದುಕೊಂಡು ಹೋದಿರಿ. ನನ್ನ ಮಂಡಿ ಮೊದಲ ಬಾಗಿಲಿಗೇ ಸೋತಿತು. ನೀವು ಮೇಲೆ ಹೋಗಿ ಕಿಂಡಿಯ ಮುಂದೆ ಇಲ್ಲದ ಒನಕೆ ಎತ್ತಿ ನಿಂತು ಫೋಟೋ ತೆಗೆಸಿಕೊಂಡು ಬಂದಿರಿ. ಊರೊಳಗೆ ಓಬವ್ವನ ಪ್ರತಿಮೆಯನ್ನೂ ತೋರಿಸಿದಿರಿ. ಧೈರ್ಯದ ಗುರುತು ಎಂದು ನಿಮ್ಮ ಪಾಠದಲ್ಲಿ ಇದೆಯಂತೆ, ಸರಿ. ನನ್ನ ಕಣ್ಣು ಹೋದದ್ದು ಅವಳು ಎತ್ತಿ ಹಿಡಿದ ಆ ತೋಳುಗಳ ಕಡೆಗೆ. ಹಗಲೂ ರಾತ್ರಿ ಒಬ್ಬಳೇ ಹಾಗೆ ಎತ್ತಿಕೊಂಡು ನಿಂತಿದ್ದಾಳೆ, ಯಾರಾದರೂ ಬಂದು ಸ್ವಲ್ಪ ಹೊತ್ತು ಹಿಡಿದುಕೊಳ್ಳಬಾರದೇ ಅನ್ನಿಸಿತು.

ನಿಮ್ಮ ಕಾಲ ಒಳ್ಳೆಯದು, ನಾನು ಹೊಟ್ಟೆಕಿಚ್ಚು ಪಡುವುದಿಲ್ಲ. ನಲ್ಲಿ ತಿರುಗಿಸಿದರೆ ನೀರು, ಗುಂಡಿ ಒತ್ತಿದರೆ ಹಿಟ್ಟು. ಊಟದ ನಡುವೆ ಫೋನ್ ಕೂಗಿದರೆ ಅಪ್ಪನೂ ಏಳುತ್ತಾನೆ, ಮಕ್ಕಳೂ ಏಳುತ್ತೀರಿ, ಬಂದು ಮತ್ತೆ ಅದೇ ತಟ್ಟೆಗೆ ಕೂರುತ್ತೀರಿ. ಯಾರೂ ಅದನ್ನು ತಪ್ಪು ಎನ್ನುವುದಿಲ್ಲ.

ಆದರೆ ನಿನ್ನೆ ಮಧ್ಯಾಹ್ನ ನೀವೆಲ್ಲ ಬಿಸಿ ಬಿಸಿ ಉಣ್ಣುತ್ತಿದ್ದಾಗ ಗ್ಯಾಸ್ ಮುಗಿಯಿತು. ಹೊರಗಿದ್ದ ತುಂಬಿದ ಸಿಲಿಂಡರನ್ನು ನಿಮ್ಮಮ್ಮ ಒಬ್ಬಳೇ ಹೊಸ್ತಿಲು ದಾಟಿಸಿ ಎಳೆಯುತ್ತಿದ್ದಳು. ಅದು ನೆಲಕ್ಕೆ ಉಜ್ಜುವ ಸದ್ದು ನನಗೆ ಕೇಳಿಸಿತು, ಅವಳ ಉಸಿರೂ ಕೇಳಿಸಿತು. ಅವಳು ಯಾರನ್ನೂ ಕರೆಯಲಿಲ್ಲ. ನಾನು ಇಷ್ಟು ವರ್ಷ ಆದ ಮೇಲೆ ಮತ್ತೆ ಅದೇ ದನಿಯಲ್ಲಿ, 'ಏಳ್ರೋ! ಎಲ್ರೂ ಏಳ್ರಿ!' ಎಂದು ಕೂಗಿಬಿಟ್ಟೆ. ಅಜ್ಜಿಗೆ ಏನಾಯಿತು ಎಂದು ನೀವು ಗಾಬರಿಯಾಗಿ ಎಂಜಲು ಕೈಯಲ್ಲೇ ನನ್ನ ಹತ್ತಿರ ಓಡಿ ಬಂದಿರಿ.

ನನಗೇನೂ ಆಗಿರಲಿಲ್ಲ ಮಕ್ಕಳೇ. ನೀವು ಓಡಬೇಕಿದ್ದದ್ದು ಅಡುಗೆಮನೆಗೆ.